ನೀರು ತರಲು ಇಳಿದವರು

ಗೋಕಾಕದ ಪರಿಸರವನ್ನು ಕುರಿತು ಈಚೆಗೆ ಹೊರಬಂದ ಒಂದು ಕಿರುಪುಸ್ತಿಕೆಯಲ್ಲಿ ಅವರ ಬಗ್ಗೆ ಒಂದೇ ವಾಕ್ಯವಿದೆ: ‘ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೆಂಡತಿ ಮಗಳನ್ನು ತೊರೆದು ಬಂದ ಪೋಲಂಡಿನ ಸೈನಿಕನೊಬ್ಬ ಇಲ್ಲಿ ನೆಲೆಸಿ, ಇಲ್ಲಿಯವಳನ್ನೇ ಮದುವೆಯಾಗಿ, ಇಲ್ಲಿಯೇ ತೀರಿಕೊಂಡನು.’ ಅವರು ಪೋಲಂಡಿನವರಲ್ಲ, ಉಕ್ರೇನಿನವರು. ಅವರ ಹಳ್ಳಿ ಆಗ ಪೋಲಂಡಿನ ಆಳ್ವಿಕೆಗೆ ಸೇರಿತ್ತು, ಅಷ್ಟೆ. ಸೈನಿಕರೂ ಅಲ್ಲ, ಬಾಲ್ಯದಲ್ಲಿ ಗಾಡಿಯಿಂದ ಬಿದ್ದು ಎಡಗಾಲು ಗಿಡ್ಡವಾಗಿದ್ದುದರಿಂದ ಯಾವ ಸೈನ್ಯವೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಇವೆರಡನ್ನು ಎರಡು ಅಡಿಟಿಪ್ಪಣಿಗಳಲ್ಲಿ ತಿದ್ದಬಹುದು. ‘ತೊರೆದು’ ಎಂಬುದನ್ನು ತಿದ್ದಲು ಅಡಿಟಿಪ್ಪಣಿ ಸಾಲದು. ಬಹುಕಾಲ ಅವರ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಬಾಳಿದವನು ನಾನು. ನಾನು ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆ ಗುರುತಿಸಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಕಾಲನಿರ್ಣಯ. ಅವರು ಗೋಕಾಕಕ್ಕೆ ಬಂದದ್ದು ‘ಗಾಂಧೀಜಿ ಹೋದ ಮ್ಯಾಲ’ ಎಂದು ಮನೆಯ ಮಾಲೀಕರು ಹೇಳುತ್ತಿದ್ದರು. ಆ ಉಕ್ರೇನಿನವರ ಹೆಂಡತಿ ಮಾಯವ್ವ ‘ಝೇಂಡಾ ಏರಿಸಿದ ವರ್ಷ, ಜ್ವಾಳ ಕೊಯ್ಯೂಕಿಂತ ಮೊದಲ’ ಎನ್ನುತ್ತಿದ್ದಳು. ಕೊಲ್ಲಾಪುರದ ಬಳಿ ಯುದ್ಧಕಾಲದ ನಿರಾಶ್ರಿತರಿಗಾಗಿ ತೆರೆದಿದ್ದ ಶಿಬಿರ ಖಾಲಿಯಾಗತೊಡಗಿದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. ಅಲ್ಲಿದ್ದವರು ಹಡಗು ಹತ್ತಿ ಬೇರೆ ಬೇರೆ ದೇಶಗಳಿಗೆ ಹೋದರು. ಇವರೊಬ್ಬರು ಸೈಕಲ್ ಹತ್ತಿ ಸಂಕೇಶ್ವರದ ದಾರಿಯಿಂದ ಇತ್ತ ಬಂದರು. ಎರಡೂ ಹೇಳಿಕೆಗಳನ್ನು ತೂಗಿ ನೋಡಿ ೧೯೪೭ರ ಕೊನೆ ಅಥವಾ ೧೯೪೮ರ ಆರಂಭ ಎಂದು ನಾನು ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಖಚಿತವಾಗಿ ಹೇಳಲು ಆಧಾರವಿಲ್ಲ. ನಾನು ಹೈಸ್ಕೂಲಿನ ಇತಿಹಾಸ ಶಿಕ್ಷಕನಾಗಿ ಪಕ್ಕದ ಮನೆಗೆ ಬಂದದ್ದು ೧೯೪೯ರಲ್ಲಿ. ಆಗ ಅವರ ಮಗಳು ಲಗಮವ್ವ ತೊಟ್ಟಿಲಲ್ಲಿದ್ದಳು.

ಊರು ಅವರನ್ನು ‘ಸಾಯೇಬ್ರು’ ಎಂದು ಕರೆಯುತ್ತಿತ್ತು. ಹೊಲದ ಬಾವಿಗಳ ಮೇಲೆ ಕೂಡಿಸಿದ ಎಣ್ಣೆ ಇಂಜಿನ್ನುಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಗೋಕಾಕದಿಂದ ಮೂಡಲಗಿಗೆ, ಅಲ್ಲಿಂದ ಹುಕ್ಕೇರಿ ಕಡೆಗೆ ಸೈಕಲ್ಲಿನ ಮೇಲೆಯೇ ಓಡಾಟ. ಹಿಂದೆ ನಟ್ಟು ಬಿಚ್ಚುವ ಪಾನೆಗಳ ಚೀಲ, ಮುಂದೆ ಹ್ಯಾಂಡಲ್ಲಿಗೆ ತೂಗುಬಿದ್ದ ಒಂದು ಕಪ್ಪಿಟ್ಟ ಕಿಟ್ಲಿ. ಯಾವ ಹೊಲಕ್ಕೆ ಹೋದರೂ ಇಂಜಿನ್ನು ಮುಟ್ಟುವ ಮೊದಲು ಮೂರು ಕಲ್ಲು ಹೂಡಿ ಕಿಟ್ಲಿಯಲ್ಲಿ ನೀರು ಕಾಯಿಸುತ್ತಿದ್ದರು. ಚಹಾಕ್ಕಲ್ಲ, ಬರೀ ನೀರು. ಉಳಿದದ್ದನ್ನು ಅಲ್ಲಿದ್ದವರಿಗೆಲ್ಲ ಕೊಡುತ್ತಿದ್ದರು. ‘ಬ್ಯಾಸಗಿ ಬಿಸಲಾಗ ಕುದ್ದ ನೀರು ಕುಡಸ್ತಾನಲ್ಲೊ ಈ ಮನಶ್ಯಾ, ನಾವೇನ ಕೋಳಿ ಏನ ಪುಚ್ಚ ಹರ‍್ಯಾಕ’ ಎಂದು ರೈತರು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ.

ಆ ಕಿಟ್ಲಿಯ ಅರ್ಥ ನನಗೆ ತಿಳಿದದ್ದು ಘಟಪ್ರಭಾ ನಿಲ್ದಾಣದಲ್ಲಿ. ಇಬ್ಬರೂ ಬೆಳಗಾವಿಗೆ ಹೊರಟಿದ್ದೆವು. ಗಾಡಿ ನಿಂತಿತ್ತು. ಚಹಾ ಕುಡಿಯೋಣವೆಂದು ನಾನೆದ್ದೆ. ಅವರು ನನ್ನ ಧೋತರದ ಚುಂಗು ಹಿಡಿದರು.

‘ಇಳೀಬ್ಯಾಡ್ರಿ ಮಾಸ್ತರ.’

‘ಗಾಡಿ ಇನ್ನೂ ನಿಲ್ಲತೈತ್ರಿ. ಗಾರ್ಡ್ ಅಲ್ಲೇ ಮಾತಾಡಕೋತ ನಿಂತಾನ, ನೋಡ್ರಿ.’

‘ನನಗೂ ಹಂಗ ಹೇಳಿದ್ರು’ ಎಂದರು.

ಬೆಳಗಾವಿ ತಲುಪುವಷ್ಟರಲ್ಲಿ ಅವರು ಹೇಳಿದ್ದು ಇಷ್ಟು. ಯುದ್ಧದ ಆರಂಭದಲ್ಲಿ ಅವರನ್ನೂ ಹೆಂಡತಿ ಹನ್ನಾಳನ್ನೂ ಮಗಳು ಒಲ್ಯಾಳನ್ನೂ ಹಳ್ಳಿಯನ್ನು ಆಕ್ರಮಿಸಿದ ಪೂರ್ವದ ಸೈನ್ಯದವರು ಊರಿನ ಇತರರೊಂದಿಗೆ ರೈಲಿನ ದನದ ಡಬ್ಬಿಗಳಲ್ಲಿ ತುಂಬಿ ಉತ್ತರದ ಕಾಡುಗಳಿಗೆ ಸಾಗಿಸಿದ್ದರು. ಮುಂದೆ ಬಿಡುಗಡೆಯಾಗಿ, ದಕ್ಷಿಣಕ್ಕೆ ಹೋದರೆ ದೇಶ ದಾಟಬಹುದೆಂಬ ಆಸೆಯಿಂದ ಎಲ್ಲರೂ ಸಿಕ್ಕ ರೈಲು ಹತ್ತಿದರು. ಮಗುವಿಗೆ ಜ್ವರ. ಹೆಸರೂ ನೆನಪಿಲ್ಲದ ಒಂದು ನಿಲ್ದಾಣದಲ್ಲಿ ಪ್ರಯಾಣಿಕರಿಗಾಗಿ ಬಿಸಿನೀರಿನ ನಳವಿತ್ತು. ಅವರು ಕಿಟ್ಲಿ ಹಿಡಿದು ಇಳಿದರು. ಸರದಿ ಉದ್ದವಿತ್ತು. ತಿರುಗಿ ಬಂದಾಗ ಆ ಹಳಿಯ ಮೇಲೆ ಬೇರೆ ರೈಲು ನಿಂತಿತ್ತು. ಹಿಮ ಬಿದ್ದಿತ್ತು ಎಂಬ ಅವರ ಮಾತನ್ನೂ, ಬಿಡುಗಡೆಯ ಕಾಲವನ್ನೂ ಹೊಂದಿಸಿದರೆ ಇದು ೧೯೪೧-೪೨ರ ಚಳಿಗಾಲವಾಗಬೇಕು.

‘ಒಂದ ರಾತ್ರಿ ಅಲ್ಲೇ ನಿಂತ್ನಿ’ ಎಂದರು. ‘ಆಮ್ಯಾಲ, ಮುಂದಿನ ಠೇಸನ್ನದಾಗ ಇಳಿದು ನನ್ನ ಹಾದಿ ಕಾಯಾಕತ್ತಿರಬೇಕು ಅಂತ ಮತ್ತೊಂದ ಗಾಡಿ ಹತ್ತಿದ್ನಿ. ಅಲ್ಲೇ ತಪ್ಪಿದ್ನಿ. ಆಕಿ ನನ್ನ ಹುಡುಕ್ಕೋತ ತಿರುಗಿ ಅದೇ ಠೇಸನ್ನಕ್ಕ ಬಂದಿದ್ರ? ಬಂದು, ನಾ ಇಲ್ಲ ಅಂತ ನೋಡಿದ್ರ?’

ಮುಂದೆ ನಿರಾಶ್ರಿತರ ಗುಂಪಿನೊಂದಿಗೆ ದೇಶ ದಾಟಿ ಕೊಲ್ಲಾಪುರದ ಶಿಬಿರ ಸೇರಿದರು. ಮತ್ತೆ ಹಾಗೆ ತಪ್ಪಬಾರದೆಂದೇ ಇರಬೇಕು, ಶಿಬಿರದ ಉಳಿದವರೆಲ್ಲ ಹೋದರೂ ಇವರು ದೂರ ಹೋಗಲಿಲ್ಲ. ಶಿಬಿರದಿಂದ ಅವರು ಕಳಿಸಿದ್ದ ವಿಚಾರಣೆಗಳಲ್ಲೆಲ್ಲ ಕೊಲ್ಲಾಪುರದ ವಿಳಾಸವಿತ್ತು. ಗೋಕಾಕಕ್ಕೆ ಬಂದ ಮೇಲೆ, ವರ್ಷಕ್ಕೊಮ್ಮೆ, ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕುವ ಪರದೇಶದ ಕಚೇರಿಗಳಿಗೆ ಅವರ ಪರವಾಗಿ ಇಂಗ್ಲಿಷಿನಲ್ಲಿ ಬರೆದುಕೊಡುವ ಕೆಲಸ ನನ್ನದಾಯಿತು. ಸುಳಿವಿಲ್ಲ ಎಂಬ ಉತ್ತರ ಕೆಲವೊಮ್ಮೆ ಬರುತ್ತಿತ್ತು. ಹೆಚ್ಚಾಗಿ ಅದೂ ಬರುತ್ತಿರಲಿಲ್ಲ.

ಮಾಯವ್ವ ಹುಕ್ಕೇರಿ ತಾಲೂಕಿನ ಘೋಡಗೇರಿಯವಳು, ಕುರಿ ಸಾಕುವ ಮನೆತನ. ಎಳವೆಯಲ್ಲೇ ಗಂಡ ಸತ್ತು ಕಾಕಾನ ಮನೆಯಲ್ಲಿದ್ದಳು. ಅವಳ ಕಾಕಾನ ಬಾವಿಯ ಇಂಜಿನ್ನಿಗೆ ಹೋದಾಗ ಪರಿಚಯ. ಅವರ ಕಿಟ್ಲಿಯ ನೀರನ್ನು ನಗದೆ ಕುಡಿದವಳು ಅವಳೊಬ್ಬಳೇ ಎಂದು ಅವರು ಹೇಳುತ್ತಿದ್ದರು. ‘ನಗಿ ಬಂದಿತ್ರಿ, ಬಾಯಿ ಸುಟ್ಟಿದ್ದಕ್ಕ ನಗಾಕ ಆಗಲಿಲ್ಲ’ ಎಂದು ಅವಳು ಹೇಳುತ್ತಿದ್ದಳು. ಅವಳ ಸಮಾಜದಲ್ಲಿ ಗಂಡ ಸತ್ತವಳಿಗೆ ಸೀರೆ ಉಡಿಸಿ ಮರುಮದುವೆ ಮಾಡುವ ಉಡಿಕಿ ಪದ್ಧತಿ ಹಿಂದಿನಿಂದಲೂ ಇದೆ. ಪರದೇಶದವನೆಂಬ ಅಡ್ಡಿಯನ್ನೂ ಹಿರಿಯರು ಹೇಗೋ ದಾಟಿದರು. ಅಡ್ಡಿ ಬಂದದ್ದು ಬೇರೆಡೆ. ಆ ಮಾತುಕತೆಯನ್ನು ನಾನು ಕಾಕಾನ ಬಾಯಿಂದಲೂ ಮಾಯವ್ವನ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ, ಎರಡೂ ಕೂಡುತ್ತವೆ.

‘ಮೊದಲಿನಾಕಿ ಅದಾಳೋ, ಸತ್ತಾಳೋ?’ ಎಂದು ಕಾಕಾ ಕೇಳಿದನಂತೆ.

‘ಗೊತ್ತಿಲ್ರಿ.’

‘ಹಂಗಂದ್ರ ಹೆಂಗ್ರಿ ಸಾಯೇಬ್ರ? ಸತ್ತಾಳಂದ್ರ ಸವತಿ ತಾಳಿ ಮಾಡಸೂಣು. ಮಾಯಿ ಅದನ್ನ ಕೊಳ್ಳಾಗ ಹಾಕ್ಕೊಂಡು ನಿಮ್ಮ ಮನಿಗೆ ಬರತಾಳ. ಅದಾಳಂದ್ರ, ಆಕಿ ಬಂದು ಹೂಂ ಅನ್ನಲಿ.’

‘ಗೊತ್ತಿಲ್ರಿ.’

ಸತ್ತ ಮೊದಲ ಹೆಂಡತಿಯ ಹೆಸರಿನಲ್ಲಿ ಚಿಕ್ಕದೊಂದು ತಾಳಿ ಮಾಡಿಸಿ ಎರಡನೆಯವಳು ಕೊರಳಲ್ಲಿ ಧರಿಸುವುದು ನಮ್ಮ ಕಡೆಯ ರೂಢಿ. ಹಿಂದಿನವಳ ಸ್ಥಾನಕ್ಕೆ ಮರ್ಯಾದೆ ಸಂದಿದೆ, ಅವಳ ಮುನಿಸು ಮನೆಗೆ ತಟ್ಟದು ಎಂಬ ನಂಬಿಕೆ. ಕಾಕಾ ಕೊನೆಗೆ ರೇಗಿ, ‘ಸತ್ತಾಳ ಅಂತ ಒಂದ ಮಾತ ಅನ್ರಿ. ನಿಮ್ಮ ಗಂಟೇನ ಹೋಗತೈತಿ?’ ಎಂದನಂತೆ. ಅವರು ಎದ್ದು ಸೈಕಲ್ಲಿನತ್ತ ನಡೆದರಂತೆ. ಆಗ ಒಳಗಿನಿಂದ ಮಾಯವ್ವ ಹೇಳಿದಳು: ‘ಕಾಕಾ, ಕಾಣದ ಹೆಂಡತಿ ಮ್ಯಾಲ ಸುಳ್ಳ ಹೇಳದಾಂವ ಕಂಡ ಹೆಂಡತಿ ಮ್ಯಾಲೂ ಹೇಳೂದಿಲ್ಲ. ತಾಳಿ ಬ್ಯಾಡ ಬಿಡು.’

ಉಡಿಕಿ ಆಯಿತು. ಸವತಿ ತಾಳಿ ಆಗಲಿಲ್ಲ.

ಮೊದಲ ಚಳಿಗಾಲದಲ್ಲೇ ಊಟದ ಗಂಗಾಳದ ಜಗಳ ಹುಟ್ಟಿತು. ಅವರ ಊರಿನಲ್ಲಿ ಕ್ರಿಸ್ತಜಯಂತಿಯ ಹಿಂದಿನ ಸಂಜೆ ಇಡೀ ಗೋಧಿಯನ್ನು ಬೇಯಿಸಿ, ಜೇನುತುಪ್ಪ, ಗಸಗಸೆ ಕೂಡಿಸಿ ಉಣ್ಣುತ್ತಾರೆ. ಅವರು ವಿವರಿಸಿದ್ದನ್ನು ಕೇಳಿ ಮಾಯವ್ವ, ‘ಇದು ನಮ್ಮ ಗೋದಿ ಹುಗ್ಗಿ ಅಲ್ಲೇನು, ಬೆಲ್ಲ ಒಂದ ಮರತಾರ ನಿಮ್ಮ ಮಂದಿ’ ಎಂದು ಹುಗ್ಗಿ ಮಾಡಿದಳು. ದಿನ ಜನವರಿಯ ಆರು. ಅವರ ಪಂಗಡ ಹಳೆಯ ಪಂಚಾಂಗವನ್ನು ಅನುಸರಿಸುತ್ತಿತ್ತಾದ್ದರಿಂದ ಈ ದಿನ ಸರಿಯೇ ಎಂದು ನಾನು ಆಮೇಲೆ ತಾಳೆ ನೋಡಿದ್ದೇನೆ. ಉಣ್ಣಲು ಕುಳಿತಾಗ ಅವರು ತಮ್ಮೆದುರು, ಗೋಡೆಯ ಬದಿಗೆ, ಇನ್ನೊಂದು ಗಂಗಾಳವನ್ನು ತೊಳೆದು ಬರಿದಾಗಿ ಇಟ್ಟರು. ಮನೆಯಲ್ಲಿಲ್ಲದವರಿಗೊಂದು ಜಾಗ ಬಿಡುವುದು ಅವರ ಪದ್ಧತಿ.

ಮಾಯವ್ವನಿಗೆ ಅದನ್ನು ಸಹಿಸಲಾಗಲಿಲ್ಲ. ಪ್ರತಿವರ್ಷ ಆ ಸಂಜೆ ಗೋಡೆಯಾಚೆ ನಾನು ಕೇಳುತ್ತಿದ್ದದ್ದು ಒಂದೇ ಮಾತು: ‘ಸತ್ತಾಳಂದ್ರ ನೀಡಿ ಇಡೂಣು, ಕೈ ಮುಗಿಯೂಣು. ಅದಾಳಂದ್ರ ಕರೀರಿ. ಬರೇ ಗಂಗಾಳ ಇಟ್ಟ ಕುಂತ್ರ ನಾ ಯಾರ ಮನ್ಯಾಗ ಉಣ್ಣಾಕತ್ತೇನಿ ಅಂತ ತಿಳೀಲಿ?’ ಗಂಗಾಳ ಹಾಗೆಯೇ ಇರುತ್ತಿತ್ತು. ಅವಳು ಅತ್ತು, ಉಣ್ಣುತ್ತಿದ್ದಳು.

ಮಗಳು ಹುಟ್ಟಿದಾಗ, ಕಳೆದುಕೊಂಡ ಮಗಳ ಹೆಸರನ್ನೇ ಇಡೋಣವೆಂದು ಅವಳೇ ಸೂಚಿಸಿದ್ದಳಂತೆ. ಸತ್ತವರ ಹೆಸರನ್ನು ಹುಟ್ಟಿದವರಿಗೆ ಇಡುವುದು ಅವಳ ಲೆಕ್ಕದಲ್ಲಿ ದೊಡ್ಡ ಔದಾರ್ಯ. ಅವರು, ‘ಆ ಹೆಸರು ಆಕೀದು. ಬಂದು ಕೇಳಿದ್ರ ಏನ ಕೊಡ್ಲಿ?’ ಎಂದರು. ಮಗು ಲಗಮವ್ವ ಆಯಿತು.

ಲಗಮವ್ವನಿಗೆ ನಾಲ್ಕೋ ಐದೋ ವರ್ಷವಿದ್ದಾಗ ಮೂಡಲಗಿ ಸಂತೆಯಲ್ಲಿ ಕಳೆದುಹೋದಳು. ಮಾಯವ್ವ ಕೂಗುತ್ತ ಸಂತೆಯೆಲ್ಲ ಸುತ್ತಿದಳು. ಅವರು ಮಗಳ ಕೈ ಬಿಟ್ಟಲ್ಲೇ, ಬಳೆಗಾರನ ಅಂಗಡಿಯ ಮುಂದೆ, ಅಲುಗದೆ ನಿಂತರು.

‘ಕೂಸು ಹೋಗೇತಿ, ಕಲ್ಲಿನಂಗ ನಿಂತೀರಲ್ರಿ. ಕರಳ ಐತೋ ಇಲ್ಲೊ ನಿಮಗ?’ ಎಂದು ಅವಳು ಸಂತೆಯ ನಡುವೆ ಬೈದಳು. ‘ಸಾಯೇಬ್ರ ಕಾಲಿಗೆ ಬೇರ ಬಂದಾವವ್ವ’ ಎಂದು ಬಳೆಗಾರ ನಕ್ಕ. ಅವರ ಅಂಗಿ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿತ್ತು ಎಂದು ಅವಳೇ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಲಗಮವ್ವ ಜನರ ಕಾಲುಗಳ ನಡುವಿನಿಂದ ತಾನಾಗಿ ಅಲ್ಲಿಗೇ ಬಂದು ಅವರ ಮೊಣಕಾಲು ತಬ್ಬಿಕೊಂಡಳು. ಆಗ ಅವರು, ‘ಇಬ್ರೂ ಹುಡುಕಿದ್ರ ಇಬ್ರೂ ಸಿಗಂಗಿಲ್ಲ. ಒಬ್ರು ನಿಂದರಬೇಕು’ ಎಂದರು.

೧೯೫೬ರ ನವೆಂಬರ್ ಒಂದರ ಬೆಳಿಗ್ಗೆ ನಾನು ಉತ್ಸಾಹದಿಂದ ಅವರ ಮನೆಗೆ ಹೋಗಿ, ‘ಇವತ್ತಿನಿಂದ ನಾವು ಮುಂಬೈ ರಾಜ್ಯದವರಲ್ರಿ ಸಾಯೇಬ್ರ, ಮೈಸೂರ ರಾಜ್ಯದವರು’ ಎಂದೆ. ‘ಯಾರನ್ನ ಒಯ್ತಾರ?’ ಎಂದು ಕೇಳಿದರು. ಯಾರನ್ನೂ ಒಯ್ಯುವುದಿಲ್ಲ, ರಾಜ್ಯಗಳ ಗಡಿ ಮಾತ್ರ ಬದಲಾಗಿದೆ ಎಂದು ವಿವರಿಸಿದೆ. ಮಧ್ಯಾಹ್ನ ಶಾಲೆಯಿಂದ ಬಂದಾಗ ಅವರು ಹೊಸ್ತಿಲ ಬಳಿ ಕುಳಿತಿದ್ದರು. ಪಕ್ಕದಲ್ಲಿ ಒಂದು ಚೀಲದ ತುಂಬ ಖಡಕ್ ರೊಟ್ಟಿ, ಕಿಟ್ಲಿ. ತಮ್ಮ ಟೊಂಕಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಲಗಮವ್ವನ ಟೊಂಕಕ್ಕೆ ಕಟ್ಟಿದ್ದರು. ಮಗು ಆಟವೆಂದು ತಿಳಿದು ನಗುತ್ತಿತ್ತು. ಮಾಯವ್ವ ಒಳಗೆ ಇನ್ನೂ ರೊಟ್ಟಿ ಬಡಿಯುತ್ತಿದ್ದಳು. ‘ಸುಮ್ನ ಇರ‍್ರಿ ಮಾಸ್ತರ’ ಎಂದಳು ಮೆಲ್ಲಗೆ. ‘ಸಂಜಿತನಕ ಯಾರೂ ಬರಲಿಲ್ಲಂದ್ರ ತಾವ ಬಿಚ್ಚತಾರ.’ ದೀಪ ಹಚ್ಚುವ ಹೊತ್ತಿಗೆ ಬಿಚ್ಚಿದರು.

ಇನ್ನು ೧೯೬೫. ಲಗಮವ್ವನಿಗೆ ಹದಿನಾರು. ಅವರಿಗೆ ಕೆಮ್ಮು ಹಿಡಿದು ಸೈಕಲ್ ಮೂಲೆ ಸೇರಿತ್ತು. ಪುಪ್ಪುಸ ಕೆಟ್ಟಿದೆ, ಹೆಚ್ಚು ದಿನವಿಲ್ಲ ಎಂದು ಡಾಕ್ಟರು ನನಗೆ ಹೇಳುವ ಮೊದಲೇ ಅವರಿಗೆ ಗೊತ್ತಿತ್ತು. ಅಂಕಲಗಿಯಿಂದ ಬಂದ ಒಂದು ಸಂಬಂಧ ಮುರಿದಿತ್ತು. ಎರಡನೆಯದು ಮೂಡಲಗಿಯದು, ಒಳ್ಳೆಯ ಮನೆ. ಹುಡುಗನನ್ನು ಲಗಮವ್ವ ಒಪ್ಪಿದ್ದಳು. ಹೆಣ್ಣಿನ ಕಡೆಯ ಹಿರಿಯನಾಗಿ ನಾನೂ ಕುಳಿತಿದ್ದೆ. ಬಂದ ಹೆಂಗಸರ ಕಣ್ಣು ಮಾಯವ್ವನ ಕೊರಳ ಮೇಲಿತ್ತು. ಕೊನೆಗೆ ಹುಡುಗನ ದೊಡ್ಡಪ್ಪ ಕೆಮ್ಮಿ ಮಾತು ತೆಗೆದ.

‘ತಪ್ಪ ತಿಳೀಬ್ಯಾಡ್ರಿ. ಸಾಯೇಬ್ರಿಗೆ ಮೊದಲ ಒಂದ ಸಂಸಾರ ಇತ್ತಂತ ಕೇಳೇವಿ. ಇವರ ಕೊಳ್ಳಾಗ ಸವತಿ ತಾಳಿ ಕಾಣವಲ್ದು.’

‘ಇಲ್ಲ’ ಎಂದರು ಅವರು.

‘ಅಂದ್ರ ಆಕಿ ಅದಾಳಂತಾತು. ಆಕಿ ಇದ್ರ ಇವರ‍್ಯಾರು? ಇವರ ಮಗಳನ್ನ ಯಾರ ಮಗಳಂತ ನಾವು ಊರಿಗೆ ಹೇಳೂಣ್ರಿ? ಹುಡುಗಿಗೆ ಹೆಸರ ಇಡಾಕತ್ತಿಲ್ಲ. ಬಂಗಾರದಂಥಾ ಹುಡುಗಿ. ನೀವ ಒಂದ ಮಾತ ಹೇಳಿದ್ರ ಮುಗೀತು.’

ಬಾಗಿಲ ಹಿಂದೆ ಲಗಮವ್ವನ ಬಳೆಗಳ ಸದ್ದು ನಿಂತಿತು. ಹದಿನೇಳು ವರ್ಷಗಳ ಹಿಂದೆ ಘೋಡಗೇರಿಯಲ್ಲಿ ಎದ್ದು ಹೋದವರು ಈ ಸಲ ಏಳಲಿಲ್ಲ.

‘ಸತ್ತಾಳ’ ಎಂದರು.

ಬೀಗರು ಹೋದ ಮೇಲೆ ಅವರು ನನಗೆ ಹೇಳಿದ್ದು: ‘ನಾ ಹೋದ ಮ್ಯಾಲ ಈಕಿನ ಯಾರ ಕೇಳತಾರ ಮಾಸ್ತರ? ಅಪ್ಪನ ಊರಿಲ್ಲ, ಅಪ್ಪನ ಬಳಗಿಲ್ಲ. ಒಬ್ಬ ಮಗಳನ್ನ ಗಾಡ್ಯಾಗ ಬಿಟ್ನಿ. ಈಕಿನ್ನೂ ಬಿಡ್ಲಿ?’

ಬಂಗಾರದ ಕೆಲಸ ಮಾಡುವ ಪತ್ತಾರನ ಅಂಗಡಿಗೆ ನಾನೇ ಅವರ ತೋಳು ಹಿಡಿದು ಕರೆದೊಯ್ದೆ. ಎಷ್ಟು ದೊಡ್ಡದು ಬೇಕು ಎಂದು ಪತ್ತಾರ ಕೇಳಿದ. ‘ಸಣ್ಣದು. ಆಕಿ ಸಣ್ಣಾಕಿ’ ಎಂದರು. ‘ತೀರಿದ ತಿಥಿ ಯಾವದ್ರಿ? ಆ ತಿಥಿಗೇ ಕಟ್ಟೂದು ಚೊಲೊ’ ಎಂದು ಅವನು ಮತ್ತೆ ಕೇಳಿದ. ಅವರು ನನ್ನತ್ತ ತಿರುಗಿದರು.

‘ಮಾಸ್ತರ, ನೀವ ಹೇಳ್ರಿ. ತಾರೀಖು ನಿಮಗ ಗೊತ್ತಾಗತಾವ.’

ಜೀವಮಾನವಿಡೀ ಕಾಲನಿರ್ಣಯವನ್ನೇ ಕಸುಬು ಮಾಡಿಕೊಂಡವನು ನಾನು. ಶಾಸನಗಳ ತಿಥಿ ವಾರಗಳನ್ನು ಕೂಡಿಸಿ ಕಳೆದು ಹಲವರೊಡನೆ ವಾದಿಸಿದ್ದೇನೆ. ಆ ಅಂಗಡಿಯ ಕಟ್ಟೆಯ ಮೇಲೆ ಪತ್ತಾರನೇ ನನ್ನ ಮುಖ ನೋಡಿ, ‘ಹೋಗ್ಲಿ ಬಿಡ್ರಿ, ತಿಥಿ ತಿಳೀದವರಿಗೆ ಅಮಾಸಿ ನಡೀತೈತಿ’ ಎಂದ.

ಅಮಾವಾಸ್ಯೆಯ ದಿನ ಮಾಯವ್ವ ಮಣೆಯ ಮೇಲೆ ಕುಳಿತಳು. ‘ಬ್ಯಾಡ್ರಿ. ಇಷ್ಟ ವರ್ಷ ಇಲ್ಲದ್ದು ಈಗ್ಯಾಕ? ಲಗಮಿಗೆ ಬ್ಯಾರೆ ಮನಿ ನೋಡೂಣು’ ಎಂದಳು. ವರ್ಷವರ್ಷವೂ ಅತ್ತು ಕೇಳಿದ ಮಾತು ಸಿಕ್ಕಿದಾಗ ಅವಳಿಗೇ ಅದು ಬೇಡವಾಗಿತ್ತು. ‘ಕೊಳ್ಳ ಬಗ್ಗಿಸು’ ಎಂದರು ಅವರು. ಬೋಲ್ಟು ನಟ್ಟುಗಳಿಗೆ ಒಗ್ಗಿದ ಬೆರಳುಗಳಿಂದ ದಾರದ ಗಂಟು ಎರಡು ಸಲ ಜಾರಿತು. ಅವಳೇ ಎರಡು ತುದಿಗಳನ್ನು ಅವರ ಕೈಯಿಂದ ತೆಗೆದುಕೊಂಡು ಕೊರಳ ಹಿಂದೆ ಗಂಟು ಹಾಕಿಕೊಂಡಳು.

ಅಂದಿನಿಂದ ಕಿಟ್ಲಿ ಒಲೆ ಹತ್ತಲಿಲ್ಲ. ೧೯೬೬ರ ಜನವರಿ ಆರು ಬಂದು ಹೋಯಿತು, ಹುಗ್ಗಿಯಿಲ್ಲ, ಗಂಗಾಳವಿಲ್ಲ. ಆ ವರ್ಷದ ಪತ್ರ ಬರೆಯಲೇ ಎಂದು ಕೇಳಿದೆ. ಕೈಯಾಡಿಸಿ ಬೇಡವೆಂದರು. ಬೇಸಿಗೆಯಲ್ಲಿ ಲಗಮವ್ವನ ಮದುವೆಯಾಯಿತು. ಅಕ್ಷತೆ ಹಾಕುವಾಗ ಅವರು ಜನರ ನಡುವೆ ಯಾರನ್ನೋ ಹುಡುಕುವವರಂತೆ ನೋಡಿ, ಕೂಡಲೇ ತಲೆ ತಗ್ಗಿಸಿದ್ದನ್ನು ನಾನು ಕಂಡೆ. ಅವರ ಕಣ್ಣೆದುರು ಯಾರು ಸುಳಿದರೆಂದು ನಾನು ಊಹಿಸಬಲ್ಲೆ. ಊಹೆಯನ್ನು ಪುರಾವೆಯೆಂದು ಬರೆಯಲಾರೆ. ಮಳೆಗಾಲದಲ್ಲಿ ತೀರಿಕೊಂಡರು. ಘೋಡಗೇರಿಯಲ್ಲಿ, ಕಾಕಾನ ಹೊಲದ ಬಾವಿಯ ಬದಿಗೆ ಮಣ್ಣು ಮಾಡಿದೆವು. ರೂಢಿಯಂತೆ ಮಾಯವ್ವನ ತಾಳಿ ತೆಗೆದರು. ಅದರೊಂದಿಗೆ ಸವತಿ ತಾಳಿಯನ್ನೂ.

೧೯೬೭ರ ಜನವರಿಯ ಒಂದು ಇಳಿಹೊತ್ತು ಶಾಲೆಯಿಂದ ಬಂದವನಿಗೆ ಗೋಡೆಯಾಚೆ ನೀರು ಕುದಿಯುವ ಸದ್ದು ಕೇಳಿಸಿತು. ‘ಮಾಸ್ತರ, ಹುಗ್ಗಿ ಉಣ್ಣಾಕ ಬರ‍್ರಿ’ ಎಂದು ಮಾಯವ್ವ ಕರೆದಳು. ಹೋದೆ. ಒಲೆಯ ಮೇಲೆ ಆ ಕಪ್ಪಿಟ್ಟ ಕಿಟ್ಲಿ. ನನಗೊಂದು ಗಂಗಾಳ, ಅವಳಿಗೊಂದು. ಗೋಡೆಯ ಬದಿಗೆ, ಹಿಂದೆ ಇಡುತ್ತಿದ್ದಲ್ಲೇ, ಬೆಳಗಿದ ಇನ್ನೊಂದು ಗಂಗಾಳ ಬರಿದಾಗಿ ಇತ್ತು.

‘ಸಾಯೇಬ್ರಿಗೇನು?’ ಎಂದೆ.

‘ಇಲ್ರಿ. ಅವರಿಗೆ ಮುಂಜಾನೆ ಹೊಲಕ್ಕ ಹೋಗಿ ಎಡಿ ಇಟ್ಟ ಬಂದೇನಿ. ಇದು ಅವರದು, ತಾಯಿ ಮಗಳದು.’

‘ಅವರ ತೀರಿದ್ರಂತ ಸಾಯೇಬ್ರ ಹೇಳಿದ್ರಲ್ಲವ್ವಾ.’

‘ಮಗಳ ಸಲುವಾಗಿ ಹೇಳಿದ್ರರಿ. ಮಗಳು ಮನಿ ಮುಟ್ಟಿದ್ಲು. ತಾಳಿನೂ ತಗದ್ರು. ಇನ್ನ ಆಕಿ ಸತ್ತಾಳ ಅನ್ನಾಕ ನನ್ನ ಕೊಳ್ಳಾಗ ಏನೈತಿ?’

ಅವಳು ನನ್ನ ಗಂಗಾಳಕ್ಕೆ ಹುಗ್ಗಿ ನೀಡಿದಳು, ತುಪ್ಪ ಬಿಟ್ಟಳು. ಉಂಡಾದ ಮೇಲೆ ಈ ವರ್ಷದ ಕಾಗದ ಬರೆದುಕೊಡಿ, ವಿಳಾಸ ಇದೇ ಮನೆಯದು ಇರಲಿ ಎಂದಳು. ಲಗಮವ್ವ ಮೂಡಲಗಿಗೆ ಕರೆಯುತ್ತಿದ್ದಾಳಲ್ಲ, ಒಬ್ಬಳೇ ಇಲ್ಲೇಕೆ ಇರುತ್ತೀ ಎಂದು ಕೇಳಿದೆ. ಅವಳು ಕಿಟ್ಲಿಯನ್ನು ಒಲೆಯಿಂದ ಇಳಿಸಿ, ಆ ಬರಿಯ ಗಂಗಾಳದ ಪಕ್ಕಕ್ಕೆ ಇಟ್ಟಳು.

‘ಒಬ್ರು ನಿಂದರಬೇಕಲ್ರಿ ಮಾಸ್ತರ. ಅವರ ಬಂದ್ರ ಹೇಳಬೇಕು. ನೀರ ತರಾಕ ಇಳಿದಾಂವ ನಿಮ್ಮನ್ನ ಬಿಟ್ಟ ಹೋಗಿರಲಿಲ್ಲ, ಅಂತ.’